ಪೂಜೆಯಾದ ಫುಟ್‌ಬಾಲ್

ಫುಟ್‌ಬಾಲಿನ ಬಗ್ಗೆ ನನಗೆ ಏನೇನೂ ಗೊತ್ತಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಏಕೆಂದರೆ ನಾನು ಒಂದು ವರ್ಷ ಫುಟ್‌ಬಾಲ್ ಕೋಚ್ ಆಗಿದ್ದೆ ಎಂಬುದನ್ನು ಆಮೇಲೆ ಹೇಳುವುದಿದೆ. ಎರಡೂ ಮಾತು ನಿಜವಾಗಿರಲು ಹೇಗೆ ಸಾಧ್ಯ ಎಂದು ನೀವು ಕೇಳಿದರೆ, ನೀವು ನಮ್ಮ ಕಡೆಯವರಲ್ಲ ಎಂದು ತಿಳಿದುಕೊಳ್ಳುತ್ತೇನೆ. ನಮ್ಮ ದನದ ದವಾಖಾನೆಯ ಕಂಪೌಂಡರ್ ಎತ್ತು ಕಂಡರೆ ಬೇಲಿ ಹಾರುತ್ತಿದ್ದ. ಅವನಿಗೆ ಹೋಲಿಸಿದರೆ ನಾನು ಚೆಂಡನ್ನು ಕಂಡು ಓಡಿದವನಲ್ಲ.

ನನಗೆ ಬರುವ ವಿದ್ಯೆ ಒಂದೇ, ಇನ್ನೊಬ್ಬರಂತೆ ಮಾಡಿ ತೋರಿಸುವುದು. ಕೊಪ್ಪಳದ ಬಸ್ಸಿನ ಕಂಡಕ್ಟರ್ ಸೀಟಿ ಊದುವ ಮೊದಲು ಗಂಟಲು ಸರಿಮಾಡಿಕೊಳ್ಳುವ ರೀತಿ, ಗಂಗಾವತಿಯ ಭತ್ತದ ವ್ಯಾಪಾರಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ದರ ಇಳಿಸುವ ಸಲುವಾಗಿ, ಹತ್ತಿರದ ಸಂಬಂಧಿಕರು ಯಾರೋ ತೀರಿಕೊಂಡಂತೆ ಮುಖ ಮಾಡುವುದು, ನಮ್ಮಪ್ಪನ ಗೊರಕೆಯ ಮೂರು ಘಟ್ಟಗಳು, ಇವೆಲ್ಲ ನನ್ನ ಸ್ವತ್ತು. ಒಮ್ಮೆ ಹುರುಪಿಗೆ ಬಿದ್ದು ನನ್ನನ್ನೇ ಅಣಕಿಸಿ ತೋರಿಸಿದೆ. ಯಾರೂ ನಗಲಿಲ್ಲ. ಇದು ಯಾರು, ಪರವೂರಿನವನೇ ಎಂದು ಕೇಳಿದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಯಲಬುರ್ಗಾ ಮತ್ತು ಕುಷ್ಟಗಿಯ ನಡುವೆ ಎಲ್ಲೋ ಇರುವ ನಮ್ಮೂರಿನ ಹೈಸ್ಕೂಲಿನಲ್ಲಿ ನಾನು ಹಂಗಾಮಿ ಗುಮಾಸ್ತ, ವಯಸ್ಸು ಇಪ್ಪತ್ತೆರಡು. ಸಂಜೆ ಹೋಟೆಲಿನ ಕಟ್ಟೆಯೇ ನನ್ನ ರಂಗಮಂದಿರ. ಅಲ್ಲಿನ ರೇಡಿಯೋದಲ್ಲಿ ಒಂದು ದಿನ ಕಲ್ಕತ್ತೆಯ ಫುಟ್‌ಬಾಲ್ ಕಾಮೆಂಟರಿ ಬಂತು. ಯಾವ ಭಾಷೆ ಎಂಬುದೇ ನನಗೆ ತಿಳಿಯಲಿಲ್ಲ. ಆದರೆ ಅಣಕಿಗನಿಗೆ ಭಾಷೆ ತಿಳಿಯಬೇಕಾದ ಅಗತ್ಯವಿಲ್ಲ, ಉಸಿರು ತಿಳಿದರೆ ಸಾಕು. ಮರುದಿನ ಸಂಜೆ ಆ ಮನುಷ್ಯ ಉಸಿರು ಬಿಗಿಹಿಡಿದು ಏರುವುದನ್ನು, ಗೋಲು ತಪ್ಪಿದಾಗ ಅಳುವ ದನಿಯಲ್ಲಿ ಇಳಿಯುವುದನ್ನು, ಹಿಂದಿನಿಂದ ಕೇಳುವ ಲಕ್ಷ ಜನರ ಗದ್ದಲವನ್ನೂ ಸೇರಿಸಿ ಮಾಡಿ ತೋರಿಸಿದೆ. ಕೇಳುತ್ತ ಕುಳಿತವರಲ್ಲಿ ನಮ್ಮ ಹೆಡ್‌ಮಾಸ್ತರರಾದ ಚನ್ನಬಸಯ್ಯನವರೂ ಇದ್ದರು. ಅವರು ಚಹದ ಕಪ್ಪು ಕೆಳಗಿಟ್ಟು, ಇಷ್ಟು ಫುಟ್‌ಬಾಲ್ ಗೊತ್ತಿರುವವನನ್ನು ಹೊರಹೋಗುವ ಕಾಗದಗಳ ಜಾವಕ ಪುಸ್ತಕ ಬರೆಯಲು ಕೂರಿಸಿದ್ದು ತಮ್ಮದೇ ತಪ್ಪು ಎಂದರು. ಸೋಮವಾರ ನಾನು ಕೋಚ್.

ಊರಿಗೆಲ್ಲ ನಗೆ ಹಂಚುವವನು ಯಾರನ್ನು ನಗೆಗೀಡು ಮಾಡುತ್ತಾನೆ ಎಂಬ ಲೆಕ್ಕ ಇಡುವುದಿಲ್ಲ. ನಾನೂ ಇಟ್ಟಿರಲಿಲ್ಲ. ನಮ್ಮ ಶಾಲೆಯ ಗೇಟಿನ ಎದುರು ಮಿರ್ಚಿ, ಮಂಡಕ್ಕಿ ಮಾರುವ ನೀಲವ್ವನಿಗೆ ಒಬ್ಬನೇ ಮಗ, ಇರಪ್ಪ. ಹದಿನಾಲ್ಕು ವರ್ಷದ ಎತ್ತರದ ಹುಡುಗ. ತಿಳುವಳಿಕೆ ಮಾತ್ರ ಐದಾರು ವರ್ಷದ್ದು. ಊರು ಅವನಿಗೆ ಇಟ್ಟಿದ್ದ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ನೀಲವ್ವ ಮಾತ್ರ, ನನ್ನ ಮಗ ಸಾವಕಾಶ ಅದಾನ ಎನ್ನುತ್ತಿದ್ದಳು. ಅವನು ಕೈಗಳನ್ನು ತುಸು ಮುಂದಕ್ಕೆ ಹಿಡಿದು, ಹಗ್ಗದ ಮೇಲೆ ನಡೆಯುವವನಂತೆ ಒಂದೊಂದೇ ಹೆಜ್ಜೆ ಇಡುತ್ತಿದ್ದ. ಆ ನಡಿಗೆಯೂ ನನ್ನ ಸಂಗ್ರಹದಲ್ಲಿತ್ತು. ಒಂದು ಸಂಜೆ ಅದನ್ನು ಕಟ್ಟೆಯ ಮುಂದೆ ನಡೆದು ತೋರಿಸಿ ತಿರುಗಿ ನೋಡಿದರೆ, ಹಾಲು ತರಲು ಬಂದಿದ್ದ ನೀಲವ್ವ ತಂಬಿಗೆ ಹಿಡಿದು ನಿಂತಿದ್ದಾಳೆ.

ಬೈದಿದ್ದರೆ ಚೆನ್ನಾಗಿತ್ತು. ಬೈಗುಳವನ್ನು ಆಮೇಲೆ ಅಣಕಿಸಬಹುದು. ಅವಳು ಮೆಲ್ಲಗೆ ಹೇಳಿದಳು:

"ಭಾಳ ಛಲೋ ಮಾಡ್ತೀ ತಮ್ಮಾ. ಎಡಗೈ ಸ್ವಲ್ಪ ಮ್ಯಾಲಿರತೈತಿ ನೋಡು, ಅದನ್ನೂ ಬಿಟ್ಟಿಲ್ಲ. ಈ ಊರಾಗ ಅವನ್ನ ಇಷ್ಟು ಲಕ್ಷ್ಯಗೊಟ್ಟು ನೋಡಿದಾಂವ ನನ್ನ ಬಿಟ್ರ ನೀ ಒಬ್ಬನ. ಹೆಂಗೂ ನೋಡೀಯಲ್ಲ, ಆಟಕ್ಕೂ ಕರಕೊಂಡು ಹೋಗು. ಚಪ್ಪಲಿ ಕಾಯಾಕ ನಿಲ್ಲಸಬ್ಯಾಡ. ಆಟದಾಗ ಹಾಕ್ಕೋ."

ಚಪ್ಪಲಿಯ ಮಾತು ನಿಜ. ಊರಿನ ಹುಡುಗರು ಏನೇ ಆಡಲಿ, ಅವರು ಬಿಟ್ಟ ಚಪ್ಪಲಿಗಳ ಪಕ್ಕ ಇರಪ್ಪನಿಗೆ ಒಂದು ಜಾಗ ಕಾಯಂ ಇರುತ್ತಿತ್ತು. ನಾನು ಅಂದು ಆಗಲಿ ಎಂದೆ. ಧೈರ್ಯದಿಂದಲ್ಲ, ಅಲ್ಲಿಂದ ಹೊರಡುವ ಅವಸರಕ್ಕೆ. ಮರುದಿನ ಇರಪ್ಪನನ್ನು ಕರೆದುಕೊಂಡು ಹೊರಟರೆ ದಾರಿಯಲ್ಲಿ ಇನ್ನಿಬ್ಬರು ಸೇರಿಕೊಂಡರು. ದರ್ಜಿಯ ಮಗ ಹುಸೇನ, ಅವನಿಗೆ ಕಿವಿ ಕೇಳಿಸದು; ಪೋಲಿಯೋದಿಂದ ಒಂದು ಕಾಲು ಬತ್ತಿದ್ದ ಕೊಟ್ರೇಶ, ಬಗಲಿಗೆ ಕೋಲು. ಆಟವೇ ತಿಳಿಯದ ಕೋಚ್‌ನ ಹಿಂದೆ ಇಂಥ ಮೂವರು ಹೊರಟದ್ದನ್ನು ನೋಡಿ, ಕಟ್ಟೆಯ ಮೇಲಿದ್ದವರು ನನ್ನ ನೆರವಿಲ್ಲದೆಯೇ ನಕ್ಕರು.

ಚೆಂಡು ಅಂದೇ ಹೊಸಪೇಟೆಯಿಂದ ಬಂತು. ಹೊಚ್ಚಹೊಸದು, ಚರ್ಮದ ವಾಸನೆ. ಅದನ್ನು ಜವಾನ ಎರಡೂ ಕೈಯಲ್ಲಿ ಹಿಡಿದು ಮೈದಾನಕ್ಕೆ ತಂದಾಗ ಹೆಡ್‌ಮಾಸ್ತರರು ತಡೆದರು. ಹೊಸ ಸಾಮಾನು, ಪೂಜೆಯಿಲ್ಲದೆ ಬಳಸುವುದು ಹೇಗೆ? ಇದರಲ್ಲಿ ಆಶ್ಚರ್ಯವೇನಿಲ್ಲ. ನಾವು ಬಸ್ಸಿಗೆ ಬಾಳೆಕಂಬ ಕಟ್ಟುವವರು, ಟ್ರ್ಯಾಕ್ಟರಿನ ಗಾಲಿಗೆ ನಿಂಬೆಹಣ್ಣು ಇಡುವವರು. ತಹಸೀಲ್ ಕಚೇರಿಯ ಟೈಪ್‌ರೈಟರಿಗೆ ಕುಂಕುಮ ಹಚ್ಚಿ, ಆಮೇಲೆ ಆರು ತಿಂಗಳು ಬಂದ ಸರಕಾರಿ ಆದೇಶಗಳಲ್ಲೆಲ್ಲ ಕೆಂಪು ಚುಕ್ಕೆ ಕಂಡವರು. ಹಾಗಾಗಿ ಚೆಂಡಿಗೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಮೇಲೊಂದು ದಾಸವಾಳ ಇಟ್ಟದ್ದಾಯಿತು. ಹೂವು ಜಾರಿ ಬೀಳುತ್ತಿತ್ತು, ಮತ್ತೆ ಇಡುತ್ತಿದ್ದರು. ಆರತಿ ಎತ್ತುವಾಗ ಚೆಂಡೇ ಉರುಳಿತು. ದೇವರು ಎಡಕ್ಕೆ ಉರುಳಿದ್ದು ಶುಭವೋ ಅಶುಭವೋ ಎಂದು ಚರ್ಚೆಯಾಯಿತು. ಕಾಯಿ ಒಡೆದು, ಎಲ್ಲರಿಗೂ ಕೊಬ್ಬರಿಚೂರು ಹಂಚಿ, ಇನ್ನು ಆಟ ಸುರುವಾಗಲಿ ಎಂದರು.

ಆಗ ತಿಳಿಯಿತು ನಾವು ಏನು ಮಾಡಿಕೊಂಡಿದ್ದೇವೆ ಎಂದು. ವಿಭೂತಿ ಧರಿಸಿ ಕುಳಿತ ಚೆಂಡನ್ನು ಒದೆಯುವವರು ಯಾರು?

ನಮ್ಮಲ್ಲಿ ಕಾಲಿನ ಸ್ಥಾನಮಾನವೇ ವಿಚಿತ್ರ. ಗುರುಗಳ ಕಾಲಾದರೆ ತೊಳೆದು ಆ ನೀರನ್ನು ಕುಡಿಯುತ್ತೇವೆ. ನಮ್ಮ ಕಾಲು ಪುಸ್ತಕಕ್ಕೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಅವಯವ ಅದೇ, ಮಾಲೀಕ ಬೇರೆ. ಇಂಥ ನಾಡಿನಲ್ಲಿ ಕಾಲಿನಿಂದಲೇ ಆಡಬೇಕಾದ ಆಟವೊಂದು ಬೇರೂರುವುದು ತತ್ವಶಾಸ್ತ್ರದ ದೃಷ್ಟಿಯಿಂದ ಕಷ್ಟ. ಕ್ರಿಕೆಟ್ ಇಲ್ಲಿ ಗೆದ್ದದ್ದು ಏಕೆ ಎಂದು ಪಂಡಿತರು ಏನೇನೋ ಹೇಳುತ್ತಾರೆ. ನನ್ನ ಅಭಿಪ್ರಾಯ ಸರಳವಾದದ್ದು. ಅಲ್ಲಿ ಚೆಂಡು ಕಾಲಿಗೆ ತಾಗಿದರೆ ಔಟ್ ಕೊಡುತ್ತಾರೆ. ನಮ್ಮ ಜನಕ್ಕೆ ಇದಕ್ಕಿಂತ ಚೆನ್ನಾಗಿ ಒಪ್ಪಿಗೆಯಾಗುವ ಕಾನೂನು ಇನ್ನಾವುದಿದೆ?

ಹೆಡ್‌ಮಾಸ್ತರರೇ ಮೊದಲ ಒದೆ ಒದೆಯಬೇಕೆಂದು ಎಲ್ಲರೂ ಕೇಳಿಕೊಂಡೆವು. ಅವರು ಧೋತರ ಎತ್ತಿಹಿಡಿದು ಬಲಗಾಲು ಮೇಲೆತ್ತಿದರು, ಕುಂಕುಮ ನೋಡಿದರು, ಕಾಲು ಇಳಿಸಿದರು. ಕೋಚ್ ಇರುವಾಗ ತಾವು ಮುಂದಾಗುವುದು ಸರಿಯಲ್ಲ ಎಂದರು. ನಾನು ವಯಸ್ಸಿನಲ್ಲಿ ಚಿಕ್ಕವನು, ಹಿರಿಯರನ್ನು ದಾಟಿ ಒದೆಯಲಾರೆ ಎಂದೆ. ಹುಡುಗರು ಒಬ್ಬರ ಹಿಂದೊಬ್ಬರು ಸರಿದರು. ಹನ್ನೊಂದು ಜನ ಕೈಮುಗಿದು ಒಂದು ಚೆಂಡಿನ ಸುತ್ತ ನಿಂತ ಆ ದೃಶ್ಯ ಫುಟ್‌ಬಾಲ್‌ಗಿಂತ ಶ್ರಾದ್ಧಕ್ಕೆ ಹತ್ತಿರವಾಗಿತ್ತು.

ಆಗ ಇರಪ್ಪ ತನ್ನ ಹಗ್ಗದ ನಡಿಗೆಯಲ್ಲಿ ಬಂದ. ಬಗ್ಗಿ ಚೆಂಡನ್ನು ಬಲಗೈಯಿಂದ ಮುಟ್ಟಿ, ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಎದ್ದುನಿಂತು ಚೆನ್ನಾಗಿ ಒಂದು ಒದ್ದ. ಚೆಂಡು ಉರುಳಿ ಹುಸೇನನ ಹತ್ತಿರ ಹೋಯಿತು. ಹುಸೇನ ದರ್ಗಾದ ಹೊಸ್ತಿಲು ಮುಟ್ಟುವ ಹಾಗೆ ಮುಟ್ಟಿ, ಕಣ್ಣಿಗೊತ್ತಿ, ಒದ್ದ. ಮುಗಿಯಿತು. ಕ್ಷಮೆಯನ್ನು ಮುಂಗಡವಾಗಿ ಕೇಳಿ ಒದೆಯಬಹುದು ಎಂಬ ಮಾರ್ಗ ಸಿಕ್ಕಿತು, ಹುಡುಗರು ಒಬ್ಬೊಬ್ಬರೇ ಅದನ್ನು ಹಿಡಿದರು.

ಅಂದಿನಿಂದ ನಮ್ಮ ಆಟದ ಕಾನೂನು ಇಷ್ಟು: ಒದೆಯುವ ಮೊದಲು ಚೆಂಡಿಗೆ ನಮಸ್ಕಾರ, ಒಬ್ಬ ನಮಸ್ಕಾರ ಮಾಡುವಾಗ ಇನ್ನೊಬ್ಬ ಚೆಂಡಿಗೆ ಕಾಲು ಹಾಕುವಂತಿಲ್ಲ. ಇದರಿಂದ ನಡೆದದ್ದನ್ನು ನಾನು ಹೂಡಿದ ಉಪಾಯ ಎಂದು ಹೇಳಿಕೊಳ್ಳಲು ಬಹಳ ಆಸೆಯಿದೆ, ಆದರೆ ನನಗೂ ಅದು ವಾರವಾದ ಮೇಲೆ ತಿಳಿಯಿತು. ಗಾಳಿಯಂತೆ ಓಡುವ ಹುಡುಗರು ಚೆಂಡಿಗೆ ತಲುಪಿ, ನಿಂತು, ಬಗ್ಗಿ, ಕಣ್ಣಿಗೊತ್ತಿಕೊಳ್ಳುವಷ್ಟರಲ್ಲಿ ಇರಪ್ಪನೂ ಬಂದು ತಲುಪುತ್ತಿದ್ದ. ಇಡೀ ಆಟವೇ ಅವನ ಹೆಜ್ಜೆಗೆ ಇಳಿದಿತ್ತು. ಸೀಟಿ ಕೇಳಿಸದ ಹುಸೇನನಿಗಾಗಿ ಕೆಂಪು ಟವೆಲ್ ಬೀಸತೊಡಗಿದೆವು. ಕ್ರಮೇಣ ಉಳಿದವರೂ ಸೀಟಿಗೆ ಕಿವಿಗೊಡುವುದನ್ನು ಬಿಟ್ಟು ಟವೆಲ್ ನೋಡುವವರಾದರು. ಕೊಟ್ರೇಶ ಗೋಲಿನಲ್ಲಿ ನಿಂತ. ಅವನ ಬಗಲಕೋಲನ್ನು ಕಾಲು ಎಂದು ಲೆಕ್ಕಿಸಬೇಕೋ ಕೈ ಎಂದೋ ಎಂಬ ಪ್ರಶ್ನೆಗೆ ಅವನೇ ಉತ್ತರ ಕೊಟ್ಟ: "ನಡೆಯುವಾಗ ಕಾಲ್ರಿ, ಹೊಡೆಯುವಾಗ ಕೈರಿ." ವಕೀಲನಾಗಬೇಕಾದ ಹುಡುಗ.

ಈ ಸುಖ ಹೀಗೇ ಇರಬಹುದಿತ್ತು. ಆದರೆ ಹೆಡ್‌ಮಾಸ್ತರರಿಗೆ ಕೀರ್ತಿಯ ಆಸೆ ಹುಟ್ಟಿ, ಕುಷ್ಟಗಿಯ ಹುಡುಗರ ತಂಡವೊಂದನ್ನು ಪಂದ್ಯಕ್ಕೆ ಕರೆದುಬಿಟ್ಟರು. ಊರೆಲ್ಲ ಸೇರುವುದೆಂದಾಯಿತು, ಮೈಕ್ ಸೆಟ್ ಬಂತು. ಕಾಮೆಂಟರಿಯೂ ನನ್ನದೇ. ಪಂದ್ಯದ ಬೆಳಿಗ್ಗೆ ಹೆಡ್‌ಮಾಸ್ತರರು ನನ್ನನ್ನು ಆಫೀಸಿಗೆ ಕರೆದು, ಮಾತನ್ನು ಬಹಳ ಮೆದುವಾಗಿ ಇಟ್ಟರು. ಪರವೂರಿನವರು ಬರುತ್ತಾರೆ, ಊರಿನ ಮರ್ಯಾದೆಯ ಪ್ರಶ್ನೆ, ಆ ಮೂವರನ್ನು ಇವತ್ತೊಂದು ದಿನ ಕೂರಿಸು, ಪಂದ್ಯ ಮುಗಿದ ಮೇಲೆ ಐದು ನಿಮಿಷ ಆಡಲಿ ಎಂದರು. ಕೆಟ್ಟ ಮನುಷ್ಯರಲ್ಲ ಅವರು. ನಾನು ಆಗಲಿ ಸರ್ ಎಂದೆ. ನನ್ನ ಬಾಯಿಗೆ ಊರಿನವರೆಲ್ಲರ ದನಿ ಬರುತ್ತದೆ, ಇಲ್ಲ ಎನ್ನುವ ದನಿಯೊಂದೇ ಬರುವುದಿಲ್ಲ.

ಗೇಟಿನ ಬಳಿ ನೀಲವ್ವ ಬಾಣಲೆಗೆ ಎಣ್ಣೆ ಹಾಕುತ್ತಿದ್ದಳು. ಅವಳಿಗೆ ವಿಷಯ ಹೇಳಿದೆ. ಅವಳು ಮೆಣಸಿನಕಾಯಿ ಸೀಳುವುದನ್ನು ನಿಲ್ಲಿಸಲಿಲ್ಲ. "ನನಗ್ಯಾಕ ಹೇಳ್ತೀ? ಅವಂಗ ನೀನ ಹೇಳು" ಎಂದಳು.

ಇರಪ್ಪ ಅವಳ ಮಿರ್ಚಿ ಬಂಡಿಯ ಹಿಂದೆ ನಿಂತಿದ್ದ. ಒಗೆದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಹಣೆಗೆ ಚೆಂಡಿನ ಹಾಗೆಯೇ ಮೂರು ಗೆರೆ ವಿಭೂತಿ. ನನ್ನನ್ನು ನೋಡಿ, "ನಾ ಯಾ ಕಡಿ ನಿಂದ್ರಲಿ?" ಎಂದು ಕೇಳಿದ. ಹೇಳಬೇಕಾದದ್ದನ್ನು ಹೇಳಲು ಬಾಯಿ ತೆರೆದೆ. "ಎಡಗಡಿ" ಎಂಬ ಮಾತು ಹೊರಬಂತು.

ಈಗ ಇಬ್ಬರಿಗೆ ಎರಡು ಮಾತು ಕೊಟ್ಟಾಗಿತ್ತು. ಇಂಥ ಸಂಕಟದಲ್ಲಿ ಧೈರ್ಯಶಾಲಿಗಳು ಹೆಡ್‌ಮಾಸ್ತರರ ಎದುರು ನಿಂತು ವಾದಿಸುತ್ತಾರೆ. ನಾನು ಮೈಕಿನ ಹಿಂದೆ ಅಡಗಿದೆ. ನಮ್ಮೂರಿನಲ್ಲಿ ಮೈಕಿನಲ್ಲಿ ಹೇಳಿದ್ದನ್ನು ಯಾರೂ ಹಿಂದಕ್ಕೆ ಪಡೆಯುವುದಿಲ್ಲ. ತಪ್ಪಾಗಿ ಕೂಗಿದ ಮದುವೆಯ ಉಡುಗೊರೆಯನ್ನು ಕೂಡ ಕೊಟ್ಟೇ ತೀರಿಸಿದವರಿದ್ದಾರೆ. ಹೆಡ್‌ಮಾಸ್ತರರು ಅತಿಥಿಗಳಿಗೆ ಹಾರ ಹಾಕುತ್ತಿದ್ದಾಗ ತಂಡದ ಹೆಸರು ಓದಿಬಿಟ್ಟೆ. ಗೋಲಿನಲ್ಲಿ ಕೊಟ್ರೇಶ, ಬಲಗಡೆ ಹುಸೇನ, ಎಡಗಡೆ ಇರಪ್ಪ. ಹೆಡ್‌ಮಾಸ್ತರರ ಕೈಯಲ್ಲಿದ್ದ ಹಾರ ಕುಷ್ಟಗಿ ತಂಡದೊಂದಿಗೆ ಬಂದಿದ್ದ ಮಾಸ್ತರರ ಕಿವಿಗೆ ತಗುಲಿಕೊಂಡು ನಿಂತಿತು. ನಾನು ಆ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಕುಷ್ಟಗಿ ಮಾಸ್ತರರು ನಮ್ಮ ನಮಸ್ಕಾರದ ಕಾನೂನು ಕೇಳಿ, ಇದು ಯಾವ ಪುಸ್ತಕದಲ್ಲಿದೆ ಎಂದರು. ಪುಸ್ತಕದಲ್ಲಿಲ್ಲ, ಆದರೆ ಪೂಜೆಯಾದ ಚೆಂಡು, ನೀವು ಬೇಡ ಎಂದರೆ ಹಾಗೇ ಒದೆಯಬಹುದು ಎಂದು ಮೈಕಿನಲ್ಲೇ ವಿನಯದಿಂದ ಉತ್ತರಿಸಿದೆ. ಊರಿನ ಜನವೆಲ್ಲ ಅವರ ಹಣೆಯ ಮೇಲಿನ ವಿಭೂತಿಯತ್ತ ನೋಡಿತು. ಅವರು ಹುಡುಗರ ಕಡೆ ತಿರುಗಿ, ಕೈಮುಗಿದೇ ಆಡ್ರೋ ಎಂದರು.

ಕುಷ್ಟಗಿಯ ಹುಡುಗರು ಚುರುಕಾಗಿದ್ದರು, ಭಕ್ತಿಯ ಅಭ್ಯಾಸ ಮಾತ್ರ ಇರಲಿಲ್ಲ. ಓಡುವ ರಭಸದಲ್ಲಿ ಬಗ್ಗಿ ಮುಗ್ಗರಿಸುವವರು, ಕಣ್ಣಿಗೆ ಒತ್ತಿಕೊಳ್ಳಲು ಹೋಗಿ ಕಪ್ಪು ಮಣ್ಣು ತುಂಬಿಕೊಂಡು ಕಣ್ಣುಜ್ಜುತ್ತ ನಿಲ್ಲುವವರು. ಆದರೂ ಇರಪ್ಪನ ಪಾಲಿಗೆ ಒಬ್ಬ ಉದ್ದನೆಯ ಹುಡುಗ ಗಂಟುಬಿದ್ದ. ಇರಪ್ಪ ನಮಸ್ಕಾರ ಮುಗಿಸಿ ಎದ್ದು ಕಾಲೆತ್ತುವಷ್ಟರಲ್ಲಿ, ಅವನು ತನ್ನ ನಮಸ್ಕಾರವನ್ನು ಚಕ್ಕನೆ ಮುಗಿಸಿ ಚೆಂಡು ಒಯ್ಯುತ್ತಿದ್ದ. ಒಮ್ಮೆ, ಎರಡು ಸಲ, ನಾಲ್ಕು ಸಲ. ನಾಲ್ಕನೆಯ ಸಲ ಜನ ನಕ್ಕರು. ಸೀಟಿ ಹಿಡಿದು ಆಟ ನಡೆಸುತ್ತಿದ್ದ ಹೆಡ್‌ಮಾಸ್ತರರು ನನ್ನತ್ತ ನೋಡಿ, ಈಗಲಾದರೂ ಕೂರಿಸು ಎಂದು ಕೈಸನ್ನೆ ಮಾಡಿದರು. ನೀಲವ್ವ ಹುಡುಗರಿಗೆ ಕುಡಿಯಲು ತಂದ ನೀರಿನ ಕೊಡ ಹಿಡಿದು ಗೆರೆಯ ಆಚೆ ನಿಂತಿದ್ದಳು. ಅವಳು ಯಾರತ್ತಲೂ ನೋಡಲಿಲ್ಲ, ಮಗನನ್ನು ಮಾತ್ರ ನೋಡುತ್ತಿದ್ದಳು. ಎರಡೂ ಕಡೆ ಗೋಲು ಸೊನ್ನೆ, ಆಟ ಮುಗಿಯಲು ಹತ್ತು ನಿಮಿಷ.

ಐದನೆಯ ಸಲ ಚೆಂಡು ಸಿಕ್ಕಾಗ ಇರಪ್ಪ ಬಗ್ಗಲಿಲ್ಲ. ಉದ್ದಕ್ಕೆ ಬೋರಲು ಮಲಗಿ, ಎರಡೂ ಕೈ ಮುಂದೆ ಚಾಚಿ ಚೆಂಡನ್ನು ಮುಟ್ಟಿದ. ಎದ್ದ. ಕೈ ಮುಟ್ಟಿದ್ದ ಜಾಗಕ್ಕೆ ಬಂದು ನಿಂತು, ಕಾಲಿನಿಂದ ಚೆಂಡನ್ನು ಒಂದು ಮಾರು ಮುಂದೆ ತಳ್ಳಿದ. ಮತ್ತೆ ಉದ್ದಕ್ಕೆ ಮಲಗಿದ.

ದೀಡನಮಸ್ಕಾರ. ಹರಕೆ ಹೊತ್ತವರು ಗುಡಿಯ ತನಕ ಮೈಯಿಂದಲೇ ದಾರಿ ಅಳೆಯುತ್ತ ಹೋಗುತ್ತಾರಲ್ಲ, ಅದು. ನೀಲವ್ವ ಪ್ರತಿ ಶ್ರಾವಣದಲ್ಲಿ ಈ ಮಗನ ಸಲುವಾಗಿಯೇ ಅದನ್ನು ಹಾಕುತ್ತಿದ್ದಳು, ಅವನು ಪಕ್ಕದಲ್ಲೇ ನಡೆಯುತ್ತಿದ್ದ.

ಉದ್ದನೆಯ ಹುಡುಗ ಕಾಲು ಮುಂದಿಟ್ಟವನು ಹಿಂದಕ್ಕೆಳೆದುಕೊಂಡ. ದೀಡನಮಸ್ಕಾರಕ್ಕೆ ಅಡ್ಡ ಬರುವಷ್ಟು ಗುಂಡಿಗೆ ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ, ಬಸ್ಸುಗಳೇ ನಿಲ್ಲುತ್ತವೆ. ಇರಪ್ಪ ಮಲಗಿದ, ಎದ್ದ, ತಳ್ಳಿದ, ಮಲಗಿದ. ನಗು ನಿಂತಿತು. ಕೂತಿದ್ದ ಹೆಂಗಸರು ಎದ್ದುನಿಂತರು. ನೀಲವ್ವ ಗೆರೆ ದಾಟಿ ಒಳಗೆ ಬಂದು, ಮಗನ ಮುಂದೆ ಮುಂದೆ ಕೊಡದ ನೀರು ಸುರಿಯುತ್ತ ನಡೆದಳು, ಹರಕೆಯವರ ಮುಂದೆ ಸುರಿಯುವ ಹಾಗೆ. ಯಾರೋ ದೇವರ ಹೆಸರು ಹಿಡಿದು ಕೂಗಿದರು, ಮೈದಾನವೆಲ್ಲ ದನಿಗೂಡಿಸಿತು. ಎರಡೂ ತಂಡದ ಹುಡುಗರು ಸಾಲಾಗಿ ಅವನ ಹಿಂದೆ ಹೊರಟರು. ಕಾಮೆಂಟರಿ ಮಾಡಬೇಕಾದ ನಾನು ಮೈಕ್ ಹಿಡಿದು ಬಾಯಿ ತೆರೆದರೆ ಯಾರ ದನಿಯೂ ಬರಲಿಲ್ಲ.

ಗೋಲು ಮುಟ್ಟಲು ಕಾಲು ಗಂಟೆ ಹಿಡಿಯಿತು. ಆಟದ ಹೊತ್ತು ಆಗಲೇ ಮುಗಿದಿತ್ತು. ಹೆಡ್‌ಮಾಸ್ತರರು ಸೀಟಿಯನ್ನು ಬಾಯಿಂದ ತೆಗೆದು, ಚಪ್ಪಲಿ ಬಿಟ್ಟು ನಿಂತಿದ್ದರು. ಕುಷ್ಟಗಿಯ ಗೋಲ್‌ಕೀಪರ್ ಪಕ್ಕಕ್ಕೆ ಸರಿದು ಕೈಮುಗಿದ. ಚೆಂಡು ಒಳಗೆ ಹೋದ ಮೇಲೆ ಇರಪ್ಪನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.

ಇದು ಗೋಲೋ ಅಲ್ಲವೋ ಎಂದು ಆಮೇಲೆ ಚರ್ಚೆಯಾಯಿತು. ಕುಷ್ಟಗಿ ಮಾಸ್ತರರು ಎಲ್ಲವನ್ನೂ ಬಿಟ್ಟು, ಆಫ್‌ಸೈಡ್ ಅನ್ನುವುದೊಂದಿದೆಯಲ್ಲ ಎಂದರು. ಅದೇನೆಂದು ನನಗೆ ಇಂದಿಗೂ ಗೊತ್ತಿಲ್ಲ. ಗುಡಿಗೆ ಹೊರಟವನಿಗೆ ಅದು ಇರುವುದಿಲ್ಲ ಎಂದೆ. ಅವರು ಅದೂ ಖರೇನ ಐತ್ರಿ ಎಂದು ಒಪ್ಪಿ, ಮಿರ್ಚಿ ತಿಂದು ಬಸ್ಸು ಹತ್ತಿದರು.

ಜನವೆಲ್ಲ ಹೋದ ಮೇಲೆ ಇರಪ್ಪನ ಮೊಣಕಾಲಿನ ಮಣ್ಣು ತೊಳೆಯುತ್ತ, ಇದನ್ನು ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಒಳಗೊಳಗೇ ಕೋಚ್ ಎಂಬ ಉತ್ತರದ ಆಸೆಯಿತ್ತು.

"ಅವ್ವ ಹಿಂಗ ಹೋಗ್ತಾಳ" ಎಂದ. ಮತ್ತೆ ಹೇಳಿದ, "ಹಿಂಗ ಹೋದ್ರ ಯಾರೂ ತಡಿಯಂಗಿಲ್ಲ. ಯಾರೂ ನಗಂಗಿಲ್ಲ."

ಊರನ್ನೆಲ್ಲ ನೋಡಿ ನೋಡಿ ಅಣಕಿಸುವ ನಾನು ಇಷ್ಟನ್ನು ನೋಡಿರಲಿಲ್ಲ. ಅಂದಿನಿಂದ ನನ್ನ ಸಂಗ್ರಹದಿಂದ ಒಂದು ನಡಿಗೆ ಕಡಿಮೆಯಾಯಿತು. ಕಟ್ಟೆಯವರು ಕೇಳಿದರೆ ಮರೆತುಹೋಗಿದೆ ಎನ್ನುತ್ತಿದ್ದೆ.

ಎರಡು ತಿಂಗಳಾಗಿರಬೇಕು. ನಾನು ಆಫೀಸಿನಲ್ಲಿ ಜಾವಕ ಪುಸ್ತಕ ಬರೆಯುತ್ತ ಕುಳಿತಾಗ ನೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು. ಮುಖ ಕೆಂಪಾಗಿತ್ತು.

"ಏನ್ ತಮ್ಮಾ, ನನ್ನ ಮಗನ್ನ ಪೂರಾ ಕೆಡಿಸಿ ಇಟ್ಟೀಯಲ್ಲ. ಕರದ್ರ ಬರಂಗಿಲ್ಲ, ಉಣ್ಣಾಕ ಬರಂಗಿಲ್ಲ. ಬೆಳಗಾದ್ರ ಹುಡುಗ್ರು ಬಾಗಿಲ್ದಾಗ ಬಂದು ಇರಪ್ಪಾ ಇರಪ್ಪಾ ಅಂತ ಒದರತಾವ. ನಿನ್ನಿ ಕಡ್ಲಿಹಿಟ್ಟು ತಾ ಅಂತ ಕಳಿಸಿದ್ರ ಸಂಜೀಮಟ ಪತ್ತೇನ ಇಲ್ಲ. ಹೊಸಾ ಅಂಗಿ ಬಗಲಾಗ ಹರಕೊಂಡು ಬಂದಾನ. ಸ್ರಾವಣ ಬಂತು, ಗುಡಿಗೆ ಹೋಗೂಣು ನಡಿ ಅಂದ್ರ, ನನಗ ಆಟ ಐತಿ, ನೀ ಹೋಗು ಅಂತಾನ. ಹೇಳು, ನಾ ಏನ್ ಮಾಡ್ಲಿ?"

ಈ ದೂರು ನನಗೆ ಬಾಯಿಪಾಠ. ನಮ್ಮೂರಿನ ತಾಯಂದಿರೆಲ್ಲ ತಮ್ಮ ಗಂಡುಮಕ್ಕಳ ಮೇಲೆ ಹೇಳುವುದು ಇದನ್ನೇ, ಹೇಳುವ ರಾಗವೂ ಇದೇ, ನಮ್ಮವ್ವನನ್ನೂ ಸೇರಿಸಿ ಕನಿಷ್ಠ ಹತ್ತು ಜನರ ದನಿಯಲ್ಲಿ ನಾನದನ್ನು ಮಾಡಿ ತೋರಿಸಬಲ್ಲೆ. ನೀಲವ್ವನ ಬಾಯಲ್ಲಿ ಮಾತ್ರ ಇದೇ ಮೊದಲ ಸಲ ಕೇಳಿದ್ದು. ಪುಸ್ತಕ ಮುಚ್ಚಿ, ತಲೆ ತಗ್ಗಿಸಿ ಪೂರ್ತಿ ಬೈಸಿಕೊಂಡೆ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ, "ಇನ್ನೇನರ ಐತೇನಕ್ಕಾ?" ಎಂದೆ.

"ಐತಿ. ಭಾಳ ಐತಿ" ಎಂದು ಹೇಳಿ, ಹೊಸ್ತಿಲ ಮೇಲೆ ಆರಾಮಾಗಿ ಕುಳಿತುಕೊಂಡಳು.